ಹಸಿರು ದಾರದ ಎಳ್ಳು

ವಿಜಯನಗರದ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಕನ್ನಡ ಹೇಳಿಕೊಡುವ ನನಗೆ ಸಂಕ್ರಾಂತಿಯ ಮಾರನೆಯ ದಿನ ಎಂದರೆ ತಲೆನೋವು. ಹಬ್ಬದ ಬಗ್ಗೆ ಬರೆಯಿರಿ ಎಂದರೆ ಸಾಕು, ಎಲ್ಲರೂ ಗೈಡಿನ ಸಾಲನ್ನೇ ಇಳಿಸುತ್ತಾರೆ: ಸೂರ್ಯನು ಮಕರ ರಾಶಿಯನ್ನು ಪ್ರವೇಶಿಸುತ್ತಾನೆ. ಈ ವರ್ಷವೂ ಅದೇ. ನನಗೆ ರೇಗಿತು.

"ಸೂರ್ಯ ಎಲ್ಲಿಗಾದ್ರೂ ಹೋಗ್ಲಿ ಕಣ್ರೋ, ನಿಮ್ಮನೇಲಿ ಏನಾಯ್ತು ಹೇಳಿ!"

ಎಲ್ಲರೂ ಬರೆದ ಸಾಲನ್ನೇ ಮತ್ತೆ ತಿದ್ದತೊಡಗಿದರು. ಕಿಟಕಿ ಪಕ್ಕದ ಹುಡುಗಿಯಂತೂ ಹಾಳೆಯನ್ನೇ ಮುಟ್ಟಿರಲಿಲ್ಲ. ಅವಳದೇ ನನಗೆ ಚಿಂತೆ. ಅವಳ ತಾಯಿ ಆರ್‌ಪಿಸಿ ಲೇಔಟಿನ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. "ನಂಗೆ ಬರೆಯಕ್ಕೆ ಬರಲ್ಲ ಮಿಸ್. ಈ ವರ್ಷ ಮುಗಿಸಿ ಸ್ಕೂಲ್ ಬಿಟ್ಬಿಡ್ತೀನಿ, ಅಮ್ಮನ ಜೊತೆ ಹೊಲಿಗೆಗೆ ಕೂತ್ಕೋತೀನಿ" ಎಂದು ಹಿಂದಿನ ವಾರವಷ್ಟೇ ಹೇಳಿದ್ದಳು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಪುಸ್ತಕ ಮುಚ್ಚಿಸಿದೆ. ಪಕ್ಕದವರಿಗೆ ನಿಮ್ಮ ಮನೆಯ ಹಬ್ಬ ಹೇಳಿ, ಕೇಳುವವರು 'ಆಮೇಲೆ?' ಅನ್ನುತ್ತಿರಬೇಕು, ಅಷ್ಟೇ ಎಂದೆ. ತರಗತಿ ಸಂತೆಯಾಯಿತು. ನಾನು ಹೋಗಿ ಆ ಹುಡುಗಿಯ ಪಕ್ಕ ಕೂತೆ.

"ಏನೂ ಇಲ್ಲ ಮಿಸ್, ಎಳ್ಳು ಬೀರಿದ್ವಿ. ಅಮ್ಮ ಎಳ್ಳಿನ ಪ್ಯಾಕೆಟ್ಟಿಗೆಲ್ಲ ಹಸಿರು ಹೊಲಿಗೆ ದಾರ ಕಟ್ಟಿದ್ಳು."

"ಆಮೇಲೆ?"

"ಸಂಜೆ ಮೇಲಿನ ಮನೆ ಆಂಟಿ ಎಳ್ಳು ತಂದ್ಕೊಟ್ರು. ನೋಡಿದ್ರೆ ಅದೇ ಹಸಿರು ದಾರ! ನಾವು ಕೊಟ್ಟಿದ್ದು ಮೂಲೆ ಮನೆಗೆ ಮಾತ್ರ ಮಿಸ್, ಅದೇ ಬೀದಿ ಸುತ್ಕೊಂಡು ನಮ್ಮನೆಗೇ ವಾಪಸ್ ಬಂದಿತ್ತು!"

ಹಿಂದಿನ ಬೆಂಚು ಇತ್ತ ತಿರುಗಿತು. "ಆಮೇಲೆ? ನಿಮ್ಮಮ್ಮ ಬೈದ್ರಾ?"

"ಇಲ್ಲ ಕಣೇ. ಆಂಟಿ ಹೋದ್ಮೇಲೆ ಬಿಚ್ಚಿ ತಿಂದ್ಳು. 'ನಮ್ಮ ಎಳ್ಳು ಎಲ್ರ ಮನೆ ನೋಡ್ಕೊಂಡು ಬಂದಿದೆ, ನಮಗೇ ಹೋಗಕ್ಕೆ ಪುರುಸೊತ್ತಾಗ್ಲಿಲ್ಲ' ಅಂದ್ಳು."

ಇಡೀ ತರಗತಿ ನಕ್ಕಿತು. "ಈಗ ಹೇಳಿದ್ದನ್ನೇ ಹಾಗೇ ಬರಿ" ಎಂದೆ. ಬೆಲ್ ಹೊಡೆದರೂ ಅವಳು ತಲೆ ಎತ್ತಲಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮುಂದಿನ ವಾರ ಅವಳ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಮಗಳನ್ನು ಶಾಲೆ ಬಿಡಿಸಲಿಕ್ಕೇ ಬಂದರೇನೋ ಎಂದುಕೊಂಡು ಎದ್ದು ಹೋದೆ.

"ಏನ್ ಹೇಳ್ಕೊಟ್ರಿ ಮೇಡಂ ಇವ್ಳಿಗೆ? ಮನೆಗೆ ಬಂದೋರಿಗೆಲ್ಲ ಎಳ್ಳಿನ ಕತೆ ಓದಿ ಹೇಳ್ತಾಳೆ, ಆ ಮೇಲಿನ ಮನೆಯವ್ರಿಗೂ! ಬ್ಲೌಸಿಗೆ ಹುಕ್ಸ್ ಹಾಕು ಬಾರೇ ಅಂದ್ರೆ, 'ತಾಳಮ್ಮ, ಬರೀತಾ ಇದೀನಿ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ' ಅಂತಾಳೆ."

"ಆಮೇಲೆ?" ಎಂದೆ, ನಗು ತಡೆದುಕೊಂಡು.

"ಆಮೇಲೇನು, ಹುಕ್ಸ್ ನಾನೇ ಹಾಕ್ಕೋತಾ ಇದೀನಿ."