ಪೋಸ್ಟಣ್ಣ ನಡೆಸುತ್ತಿದ್ದ ಊರ ಪುಟ

ಆ ಭಾನುವಾರ ನೀರು ತುಂಬಿದೆ, ಅಂಗಳ ಗುಡಿಸಿದೆ, ಬಂಗಡೆ ಮೀನು ತೊಳೆದಿಟ್ಟು ಶಾಲೆ ಮಕ್ಕಳ ಪೇಪರು ತಿದ್ದಲು ಕೂತೆ. ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಪೋಸ್ಟಣ್ಣ ಫೋನು ಹಿಡಿದು ಬಂದರು. ಕಾಗದ ವಿಂಗಡಿಸುವವರಂತೆ ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡೇ ಅವರು ಸ್ಕ್ರೀನು ಸರಿಸುವುದು.

ಚೆಂಡಿಯಾ ಕಡೆಯ ಅವರ ಊರಿನ ಜಾಗ ನೌಕಾನೆಲೆಗೆ ಹೋದ ಮೇಲೆ ಜನ ಕಾರವಾರ, ಅಂಕೋಲಾದ ಪುನರ್ವಸತಿ ಕಾಲೊನಿಗಳಿಗೆ ಚದುರಿದ್ದರು. ಅವರೆಲ್ಲರ ಮದುವೆ, ಸಾವಿನ ಸುದ್ದಿ ಮುಟ್ಟಿಸಲು ಪೋಸ್ಟಣ್ಣ ದೊಡ್ಡ ಕಂಪನಿಯೊಂದರ ಜಾಲತಾಣದಲ್ಲಿ ಪುಟ ನಡೆಸುತ್ತಿದ್ದರು. ಹಿಂದಿನ ವಾರ ಕಂಪನಿ ಕಾರಣ ಹೇಳದೆ ಎರಡು ದಿನ ಅದನ್ನು ಮುಚ್ಚಿಬಿಟ್ಟಿತ್ತು. ಆಗಲೇ ಊರಿನ ಅಜ್ಜಿಯೊಬ್ಬರು ತೀರಿಕೊಂಡರು. ಸುದ್ದಿ ಮುಟ್ಟದ್ದರಿಂದ ಮಣ್ಣಿಗೆ ಬಂದವರು ನಾಲ್ಕೇ ಜನ. ಹೀಗೆ ಮುಚ್ಚಿಹೋಗದ ಬೇರೆ ಜಾಗ ಇದೆಯಾ ಎಂದು ಕೇಳಲು ಬಂದಿದ್ದರು.

ಒಬ್ಬ ಮಾಲೀಕನಿಲ್ಲದ, ಜನರೇ ಅಲ್ಲಲ್ಲಿ ಸಣ್ಣ ಸರ್ವರ್ ಇಟ್ಟು ನಡೆಸುವ ತಾಣವೊಂದನ್ನು ನಾನು ತೋರಿಸಿದೆ.

“ಜಾಗ ಯಾರ್ದು ಅಕ್ಕೋರೇ?” ಏನೇ ತೋರಿಸಿದರೂ ಅವರು ಮೊದಲು ಕೇಳುವುದು ಅದನ್ನೇ.

“ನಡೆಸೋರದ್ದೇ. ಬೇಕಾದ್ರೆ ನಾವೇ ನಡೆಸ್ಬಹುದು.”

ತಕ್ಷಣ ಹಳೇ ಟಪಾಲು ಚೀಲ ಹೆಗಲಿಗೇರಿಸಿ ನಮ್ಮ ಕಾಲೊನಿಯ ಮನೆಮನೆ ತಿರುಗಿದರು. ಹೊಸ ತಾಣಕ್ಕೆ ಬರಲು ಒಪ್ಪಿದ್ದು ಮೂರೇ ಮನೆ.

“ಮಗಳು ಗೋವೆಯಿಂದ ದಿನಾ ಹಳೇದ್ರಲ್ಲೇ ಫೋಟೋ ಹಾಕ್ತದೆ, ನೀನೊಬ್ಬನೇ ಹೋಗು ಮಾರಾಯ ಅಂತ್ರು!” ವಾಪಸು ಬಂದು ಹೇಳಿದರು.

ಕೂತರು, ಎದ್ದರು, ಮತ್ತೆ ಕೂತರು.

“ಎರಡೂ ಕಡೆ ಹಾಕ್ತೆ ಅಕ್ಕೋರೇ. ನಾಳೆ ಹಳೇದನ್ನ ಮುಚ್ಚಿದ್ರೂ ಮೂರು ಮನೆಗೆ ಗೊತ್ತಾಗ್ತದೆ. ಅವ್ರು ಮೂವತ್ತು ಮನೆಗೆ ಓಡ್ತಾರೆ.”

ಮಧ್ಯಾಹ್ನ ನಮ್ಮಲ್ಲೇ ಅನ್ನ, ಬಂಗಡೆ ಸಾರು ಉಂಡರು. ಮೊದಲು ನಿದ್ದೆ ಹತ್ತಿದ್ದು ನನಗೆ. ಅವರು ಜಗುಲಿಯಲ್ಲಿ ಅಜ್ಜಿಯ ಹನ್ನೆರಡನೇ ದಿನದ ಸುದ್ದಿಯನ್ನು ಹೊಸ ತಾಣಕ್ಕೆಂದು ಎರಡನೇ ಸಲ ಬರೆಯುತ್ತಿದ್ದರು.