ಅಕ್ಕ ಹಾಗೆ ಆಡುವವಳಲ್ಲ

ಈಚೆಗೆ ನನ್ನ ಅಕ್ಕ ಗೋಸುಂಬೆಯನ್ನು ಕೈಯಲ್ಲೇ ಇಟ್ಟುಕೊಂಡು ಸೋಲತೊಡಗಿದ್ದಳು.

ನನಗೆ ಆಶ್ಚರ್ಯ. ನನ್ನ ಅಕ್ಕ ಹಾಗೆ ಆಡುವವಳಲ್ಲ.

ಗಾಬರಿ ಬೇಡ. ಈ ಗೋಸುಂಬೆ ಬೇಲಿಯ ಮೇಲಿನದ್ದಲ್ಲ, ಮೊಬೈಲಿನೊಳಗಿನದ್ದು. ಅದೊಂದು ಕಾರ್ಡ್ ಗೇಮ್. ಹುಲಿ, ಆನೆ, ಗುಬ್ಬಿ, ಮಂತ್ರವಾದಿ ಅಂತ ನೂರೆಂಟು ಕಾರ್ಡುಗಳು. ಇಬ್ಬರು ಎದುರುಬದುರು ಆಡಬೇಕು. ಎದುರುಬದುರು ಅಂದರೆ ನಾನು ಚಿಕ್ಕಬಳ್ಳಾಪುರದಲ್ಲಿ, ಅಕ್ಕ ಚಿಂತಾಮಣಿಯಲ್ಲಿ. ಅದರಲ್ಲೊಂದು ಕಾರ್ಡಿಗೆ ಇಂಗ್ಲಿಷಿನಲ್ಲಿ ಬಾಯಿಗೆ ಹತ್ತದ ಹೆಸರು. ನಾನು ಗೋಸುಂಬೆ ಅಂತ ಕರೆದೆ. ಅದೇ ನಿಂತಿತು.

ಈ ಗೋಸುಂಬೆಯ ಕೆಲಸವೇ ವೇಷ ಬದಲಿಸುವುದು. ನಿಮ್ಮ ಸರದಿ ಬಂದಾಗಲೆಲ್ಲ ಅದು ಕೈಯೊಳಗೇ ಬೇರೆ ಕಾರ್ಡಾಗುತ್ತದೆ. ಈಗ ಆನೆ, ಮುಂದಿನ ಸರದಿಗೆ ಗುಬ್ಬಿ, ಅದರ ಮುಂದಿನದಕ್ಕೆ ಇನ್ನೇನೋ. ಕೈ ಬಿಟ್ಟು ಕೆಳಗಿಟ್ಟರೆ ಮಾತ್ರ ಆ ಕ್ಷಣದ ರೂಪದಲ್ಲೇ ನಿಂತುಬಿಡುತ್ತದೆ. ಇಟ್ಟ ಮೇಲೆ ಬದಲಾವಣೆ ಇಲ್ಲ. ಇನ್ನೊಂದು ಚೇಷ್ಟೆ ಏನೆಂದರೆ, ಅದರ ಬೆನ್ನಿಗೆ ತೆಳ್ಳನೆಯ ಹಸಿರು ಅಂಚಿದೆ. ಎದುರಾಳಿಯ ಹತ್ತಿರ ಗೋಸುಂಬೆ ಇದೆ ಅಂತ ನಿಮಗೆ ಕಾಣುತ್ತದೆ. ಅದು ಈಗ ಆನೆಯೋ ಗುಬ್ಬಿಯೋ, ಅದು ಕಾಣುವುದಿಲ್ಲ.

ಇದನ್ನು ಆಡುವುದರಲ್ಲಿ ಎರಡು ಪಂಗಡ. ಬಂದ ಕೂಡಲೇ, ಕೆಲಸಕ್ಕೆ ಬರುವಂಥದ್ದು ಏನಾದರೂ ಆಗಿದ್ದರೆ ಸಾಕು, ಇಟ್ಟು ಕೈ ತೊಳೆದುಕೊಳ್ಳುವವರು ಒಂದು. ದೊಡ್ಡದು ಬರಲಿ ಅಂತ ಕಾಯುವವರು ಇನ್ನೊಂದು. ಕಾಯುವುದರಲ್ಲಿ ಒಂದು ಲಾಭ ಇದೆ, ಎದುರಿನವರು ಆ ಹಸಿರು ಅಂಚು ನೋಡಿ ಹೆದರಿ ಹೆದರಿ ಆಡುತ್ತಾರೆ. ನಷ್ಟವೂ ಇದೆ, ಕೈಯಲ್ಲಿ ಒಂದು ಜಾಗ ದಂಡ. ಆನೆ ಬಂದಾಗ ಅದನ್ನು ಇಡಲು ಬೇಕಾದ, ಸರದಿಗಿಷ್ಟಿಷ್ಟೇ ಕೂಡುವ ಶಕ್ತಿ ಸಾಲದು, ಶಕ್ತಿ ಕೂಡಿದಾಗ ಗುಬ್ಬಿ ಕೂತಿರುತ್ತದೆ. “ಕಾಯೋರೇ ಜಾಸ್ತಿ ಸೋಲೋದು ಕಣಮ್ಮ” ಅನ್ನುತ್ತಾನೆ ನನ್ನ ಮಗ ಅಭಿ.

ನಾನು ಕಾಯುವ ಪಂಗಡ. ಅಕ್ಕ ಎಸೆಯುವ ಪಂಗಡ. ಆಟದಲ್ಲಿ ಮಾತ್ರ ಅಲ್ಲ, ಎಲ್ಲದರಲ್ಲೂ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವಳು. ಹುಡುಗರು ಉತ್ತರ ಹುಡುಕುವಷ್ಟರಲ್ಲಿ ತಾನೇ ಬರೆದು ಬೋರ್ಡ್ ಒರೆಸುತ್ತಿದ್ದಳಂತೆ. ಮದುವೆಗೂ ಅಷ್ಟೇ, ಭಾವನನ್ನು ನೋಡಿದ ದಿನವೇ ಒಪ್ಪಿದಳು. ಸೀರೆ ಅಂಗಡಿಗೆ ಅವಳ ಜೊತೆ ಹೋದರೆ ಕೂರುವುದಕ್ಕೂ ಬಿಡುತ್ತಿರಲಿಲ್ಲ. ಮೊದಲನೇ ಸೀರೆ ಎತ್ತಿಕೊಂಡು, “ನಡಿಯೇ, ಆಯ್ತು.”

ಇಷ್ಟು ಓದಿ, ಪರವಾಗಿಲ್ಲ, ಅಕ್ಕ ತಂಗಿ ಈ ವಯಸ್ಸಿನಲ್ಲೂ ಎಷ್ಟು ಚೆನ್ನಾಗಿದ್ದಾರೆ ಅಂದುಕೊಂಡಿರಾ?

ನಾವಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಕಾರಣ ಅಮ್ಮ. ಮೇಲೂರಿನ ಮನೆಯಲ್ಲಿದ್ದ ಅಮ್ಮನಿಗೆ ಉಸಿರಿನ ತೊಂದರೆ ಹೆಚ್ಚಾದಾಗ ನಾನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದೆ. ಮನೆಯಲ್ಲೇ ಇರಲಿ, ಅವಳೇ ಕೇಳುತ್ತಿದ್ದಾಳೆ ಅಂದಳು ಅಕ್ಕ. ನಾನು ಕೇಳಲಿಲ್ಲ. ಅಮ್ಮ ಐಸಿಯುನಲ್ಲಿ ಹೋದಳು. ಗಾಜಿನ ಬಾಗಿಲಿನಾಚೆ. ಆಸ್ಪತ್ರೆಯೇ ಸರಿ ಅಂತ ನಾನು ಇವತ್ತಿಗೂ ಹೇಳುತ್ತೇನೆ. ಅಕ್ಕನ ಪಾಲಿಗೆ ಅದು ಸರಿ ತಪ್ಪಿನ ಲೆಕ್ಕವೇ ಆಗಿರಲಿಲ್ಲ. “ಕೈ ಹಿಡ್ಕೊಳ್ಳಕ್ಕೂ ಬಿಡಲಿಲ್ವಲ್ಲೇ ನೀನು” ಅಂದಳು. ನಾನೂ ಏನೋ ಅಂದೆ. ತಿಥಿಯ ಊಟಕ್ಕೆ ಇಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಕೂತೆವು. ಅಲ್ಲಿಗೆ ಮುಗಿಯಿತು.

ಈ ಗೇಮನ್ನು ಇಬ್ಬರ ಫೋನಿಗೂ ಹಾಕಿಕೊಟ್ಟವನು ಅಭಿ. ಹುಬ್ಬಳ್ಳಿಗೆ ಓದಲು ಹೋಗುವ ಮೊದಲು ದೊಡ್ಡಮ್ಮನ ಕಾಲಿಗೆ ಬಿದ್ದು ಬರಲು ಹೋಗಿದ್ದ. ವಾಪಸ್ ಬಂದವನು ನನ್ನ ಫೋನ್ ಕಿತ್ತುಕೊಂಡು, “ಮಾತಾಡ್ಬೇಡ ಬಿಡಮ್ಮ. ಆಡಕ್ಕೇನು? ಇದ್ರಲ್ಲಿ ಮಾತೇ ಇಲ್ಲ” ಅಂದ.

ನಿಜ, ಅದರಲ್ಲಿ ಮಾತಿಲ್ಲ. ಕೆಲವು ಸ್ಟಿಕ್ಕರುಗಳಿವೆ. ನಗು, ಸಿಟ್ಟು, ಚಪ್ಪಾಳೆ, ನಮಸ್ಕಾರ, ಆಕಳಿಸುವ ಒಂದು ಕರಡಿ. ನಾನು ಯೋಚನೆ ಮಾಡುತ್ತಾ ಕೂತರೆ ಅಕ್ಕ ಕರಡಿ ಕಳಿಸುತ್ತಿದ್ದಳು. ಒಂದಲ್ಲ, ಸಾಲುಸಾಲು ಕರಡಿಗಳು. ಬೇಗ ಆಡೇ, ನಿದ್ದೆ ಬರ್ತಿದೆ ಅಂತ ಅರ್ಥ. ನಾನು ಒಬ್ಬಳೇ ಸೋಫಾದ ಮೇಲೆ ಕೂತು ನಗುತ್ತಿದ್ದೆ. ಕಾಲೇಜಿನ ಕೆಲಸ ಮುಗಿಸಿ ಬಂದು, ಟೀ ಕುಡಿದು, ಅಕ್ಕನ ಹತ್ತಿರ ಸೋಲುವುದು ನನಗೆ ದಿನಚರಿಯಾಯಿತು. (ಹೌದು, ಬಹಳ ಸಲ ನಾನೇ ಸೋಲುತ್ತಿದ್ದೆ. ಅಭಿ ಹೇಳುವುದು ಸುಳ್ಳಲ್ಲ.)

ಫೋನ್ ಮಾಡಬಹುದಿತ್ತಲ್ಲ ಅಂತೀರಾ? ದಿನಾ ಆಡುತ್ತಿದ್ದೇವಲ್ಲ, ಇನ್ನು ಫೋನ್ ಯಾಕೆ ಅನ್ನಿಸುತ್ತಿತ್ತು.

ಈ ಬೇಸಿಗೆಯಲ್ಲಿ ಅಕ್ಕ ಕೆಲವು ವಾರ ಆಟಕ್ಕೆ ಬರಲಿಲ್ಲ. ಯಾವುದಕ್ಕೋ ಮುನಿಸಿಕೊಂಡಿರಬೇಕು, ಅವಳಾಗಿ ಬರಲಿ ಅಂದುಕೊಂಡು, ದಿನಾ ಗೇಮಿನಲ್ಲೊಂದು ಕರೆ ಕಳಿಸಿ ಸುಮ್ಮನಾಗುತ್ತಿದ್ದೆ. ಬಂದಳು. ಬಂದ ಮೇಲೆ ಆಟವೇ ಬೇರೆ. ನಿಧಾನ. ಕಾರ್ಡ್ ಇಡಲು ನನಗಿಂತ ಹೆಚ್ಚು ಹೊತ್ತು. ಗೋಸುಂಬೆ ಬಂದರಂತೂ ಆಟ ಮುಗಿಯುವವರೆಗೆ ಆ ಹಸಿರು ಅಂಚು ಅಲ್ಲೇ ಇರುತ್ತಿತ್ತು. ಇಡುತ್ತಲೇ ಇರಲಿಲ್ಲ. ಸೋತರೂ ಇಡುತ್ತಿರಲಿಲ್ಲ. ಕರಡಿ ಒಂದೂ ಬರಲಿಲ್ಲ. ಪ್ರತಿ ಆಟದ ಕೊನೆಗೆ ಒಂದು ನಮಸ್ಕಾರ ಬರುತ್ತಿತ್ತು.

ಅಕ್ಕ ತಂಗಿಗೆ ನಮಸ್ಕಾರ ಕಳಿಸುತ್ತಾಳಾ? ಅಲ್ಲೇ ನನಗೆ ಹೊಳೆಯಬೇಕಿತ್ತು.

ನನಗೆ ಹೊಳೆದದ್ದು ಬೇರೆ. ಅಕ್ಕ ಮಾಗಿದ್ದಾಳೆ ಅನ್ನಿಸಿತು. ನನ್ನ ಥರ ಕಾದು ಆಡುವುದನ್ನು ಕಲಿತಿದ್ದಾಳೆ, ಬೇಕೆಂದೇ ಸೋಲುತ್ತಿದ್ದಾಳೆ, ಬಾಯಲ್ಲಿ ಹೇಳಲಾಗದ್ದನ್ನು ಹೀಗೆ ಹೇಳುತ್ತಿದ್ದಾಳೆ. ಅಭಿಗೂ ಹೇಳಿದೆ, “ನಿಮ್ಮ ದೊಡ್ಡಮ್ಮ ರಾಜಿಗೆ ಬರ್ತಿದ್ದಾರೆ ಕಣೋ.” ಅವನು, “ಹಂಗಾದ್ರೆ ಹೋಗಿ ಬಾಮ್ಮ” ಅಂದ.

ಹೋದೆ. ಶನಿವಾರ ಬೆಳಿಗ್ಗೆ ಶಿಡ್ಲಘಟ್ಟದ ಮೇಲೆ ಹೋಗುವ ಬಸ್ಸು ಹಿಡಿದೆ. ಬಸ್ ಸ್ಟಾಂಡಿನ ಮುಂದೆ ಅಕ್ಕನಿಗೆ ಇಷ್ಟವಾದ ಕರಿ ದ್ರಾಕ್ಷಿ ಕೊಂಡೆ. ಬಾಗಿಲು ತೆಗೆದ ಕೂಡಲೇ ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಕರಡಿ ಎಲ್ಲೇ ಹೋಯ್ತು ಅಂತ ಕೇಳೋಣ, ನಗುತ್ತಾಳೆ, ಅಲ್ಲಿಂದ ಮುಂದೆ ತಾನಾಗಿಯೇ ಸಾಗುತ್ತದೆ ಅಂದುಕೊಂಡೆ.

ಬಾಗಿಲು ತೆಗೆದದ್ದು ಭಾವ. ಲುಂಗಿ, ಹೆಗಲ ಮೇಲೆ ಒದ್ದೆ ಟವಲ್. ನನ್ನನ್ನು ನೋಡಿ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಆಮೇಲೆ ಚಿಂತಾಮಣಿಯ ಅಭ್ಯಾಸದಂತೆ ಅರ್ಧ ತೆಲುಗಿನಲ್ಲಿ, “ರಾಮ್ಮಾ. ಒಳಗೆ ಬಾ” ಅಂದರು.

ಹಾಲಿನಲ್ಲಿ ಕಬ್ಬಿಣದ ಮಂಚ. ಪಕ್ಕದಲ್ಲಿ ಸ್ಟೂಲು, ಅದರ ಮೇಲೆ ಗಂಜಿಯ ಬಟ್ಟಲು. ಮಂಚದ ಮೇಲೆ ಅಕ್ಕ. ಮುಖ ಒಂದು ಕಡೆಗೆ ಎಳೆದುಕೊಂಡಿತ್ತು. ಬಲಗೈ ಮಡಚಿ ಎದೆಯ ಮೇಲೆ ಬಿದ್ದಿತ್ತು. ಕೂದಲನ್ನು ಗಂಡಸರ ಹಾಗೆ ಕತ್ತರಿಸಿದ್ದರು.

“ಲಕ್ವ ಹೊಡೀತಮ್ಮ. ಬೇಸಿಗೆಲಿ” ಅಂದರು ಭಾವ. “ಬಲಗಡೆ ಪೂರ್ತಿ ಹೋಯ್ತು. ಮಾತೂ ಹೋಯ್ತು.”

ದ್ರಾಕ್ಷಿಯ ಕವರ್ ಹಿಡಿದುಕೊಂಡೇ ನಿಂತಿದ್ದೆ. ಅದನ್ನು ಎಲ್ಲಿಡಬೇಕು ಅಂತ ತಿಳಿಯಲಿಲ್ಲ. “ಕೊಡು” ಅಂತ ಭಾವ ಇಸಿದುಕೊಂಡು ಒಳಗಿಟ್ಟು ಬಂದರು. ದ್ರಾಕ್ಷಿ ನುಂಗಲು ಆಗುವುದಿಲ್ಲ, ಗಂಟಲಿಗೆ ಸಿಕ್ಕುತ್ತದೆ ಅಂತ ಆಮೇಲೆ ಗೊತ್ತಾಯಿತು.

“ಯಾಕೆ ಭಾವ ಹೇಳಲಿಲ್ಲ?”

ಅವರು ಅಕ್ಕನ ಕಡೆ ನೋಡಿದರು. ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಟೀಗೆ ನೀರಿಟ್ಟು, ನನಗೆ ಬೆನ್ನು ಹಾಕಿಕೊಂಡು ಮಾತಾಡಿದರು.

“ಆಂಬುಲೆನ್ಸಲ್ಲಿ ಹೋಗ್ತಿದ್ವಿ. ಆಗ್ಲೇ ನಾಲಿಗೆ ತೊದಲ್ತಿತ್ತು. ‘ಅವಳಿಗೆ ಹೇಳ್ಬೇಡಿ, ಬಂದು ಬೆಂಗ್ಳೂರಿಗೆ ಎತ್ತಾಕ್ಕೊಂಡು ಹೋಗ್ತಾಳೆ’ ಅಂದ್ಲು. ಅಷ್ಟೇ ಅಮ್ಮ. ಆಮೇಲೆ ಮಾತೇ ಆಡಲಿಲ್ಲ. ಕೊನೆಗೆ ಆಡಿದ ಮಾತದು. ನಾನು ಹೆಂಗೆ ಮೀರ್ಲಿ?”

ಕುದಿಯುತ್ತಿದ್ದ ನೀರಿಗೆ ನಾನೇ ಟೀ ಪುಡಿ ಹಾಕಿದೆ.

“ಮತ್ತೆ ಆಟ?”

“ಆಸ್ಪತ್ರೆಯಿಂದ ಬಂದ್ಮೇಲೆ ಫೋನ್ ನೋಡಿದ್ರೆ ನೀನು ದಿನಾ ಆಟಕ್ಕೆ ಕರ್ದಿದ್ದೆ. ಅವಳ ಮುಂದೆ ಹಿಡಿದೆ. ಮೊದ್ಲು ಎಡಗೈಲಿ ತೋರಿಸ್ತಿದ್ಲು, ಇದು ಹಾಕು, ಅದು ಹಾಕು ಅಂತ. ಆಮೇಲಾಮೇಲೆ ಮುಖ ತಿರುಗಿಸ್ಕೊಂಡ್ಲು. ಆಟ ನಿಂತ್ರೆ ನಿಂಗೆ ಅನುಮಾನ ಬರುತ್ತಲ್ಲ. ಅದಕ್ಕೆ ನಾನೇ ಆಡ್ದೆ.”

“ಗೋಸುಂಬೆ ಯಾಕೆ ಇಡ್ತಿರಲಿಲ್ಲ ಭಾವ?”

ಅವರಿಗೆ ಆ ಹೆಸರು ಗೊತ್ತಿರಲಿಲ್ಲ. ಹಸಿರು ಅಂಚಿನದ್ದು ಅಂದೆ.

“ಓ, ಅದಾ. ಅದು ನೋಡಿದಾಗೆಲ್ಲ ಬೇರೆ ಬೇರೆ ಆಗ್ತಿತ್ತಮ್ಮ. ಯಾವುದಾಗಿದ್ದಾಗ ಹಾಕ್ಬೇಕು ಅಂತ ನಂಗೆ ತಿಳೀತಿರಲಿಲ್ಲ. ಹಂಗೇ ಇಟ್ಕೊಂಡು ಕೂತಿರ್ತಿದ್ದೆ.”

ನಾನು ತಾಳ್ಮೆ ಅಂದುಕೊಂಡದ್ದು ಇದನ್ನು. ಅಕ್ಕ ಮಾಗಿದಳು, ರಾಜಿಗೆ ಬಂದಳು ಅಂತ ಮಗನಿಗೂ ಹೇಳಿದ್ದೆನಲ್ಲ. ಆಡಲು ಬಾರದ ಒಬ್ಬ ಮನುಷ್ಯ, ಹೆಂಡತಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಆಮೇಲೆ ಕನ್ನಡಕ ಹಾಕಿಕೊಂಡು ನನ್ನೆದುರು ಸೋಲುತ್ತಿದ್ದ. ಆಟ ಮುಗಿದ ಮೇಲೆ ಮರ್ಯಾದೆಗೆ ಒಂದು ನಮಸ್ಕಾರ.

ಹಾಲಿಗೆ ಹೋಗಿ ಅಕ್ಕನ ಪಕ್ಕ ಕೂತೆ. ನನ್ನನ್ನೇ ನೋಡುತ್ತಿದ್ದಳು. ಸಿಟ್ಟೋ, ದುಃಖವೋ, ಬಂದಳಲ್ಲ ಅನ್ನುವ ಸಮಾಧಾನವೋ? ಬಲಗಣ್ಣಿನಿಂದ ನೀರು ಇಳಿಯಿತು. ನನಗೂ ತಡೆಯಲಾಗಲಿಲ್ಲ. ಟೀ ತಂದ ಭಾವ ಟವಲಿನ ತುದಿಯಿಂದ ಅದನ್ನು ಒರೆಸಿ, “ಆ ಕಣ್ಣು ಹಂಗೇ ಸುರೀತಿರುತ್ತಮ್ಮ. ರೆಪ್ಪೆ ಸರಿಯಾಗಿ ಮುಚ್ಚಲ್ಲ” ಅಂದರು.

ಅಳುತ್ತಿದ್ದಾಳೆ ಅಂದುಕೊಂಡದ್ದೂ ಸುಳ್ಳಾಯಿತು.

“ಅಕ್ಕಾ, ನಾನು ನಿನ್ನ ಬೆಂಗ್ಳೂರಿಗೆ ಕರ್ಕೊಂಡು ಹೋಗಲ್ಲ. ನೀನು ಇಲ್ಲೇ ಇರು” ಅಂದೆ. ಇಷ್ಟು ವರ್ಷಗಳ ನಂತರ ಅವಳಿಗೆ ನಾನು ಆಡಿದ ಮೊದಲ ಮಾತು ಅದು. ಹಾಗೆ ಹೇಳುವಾಗ ನನ್ನೊಳಗೆ ಬೇರೆಯೇ ಲೆಕ್ಕ ನಡೆಯುತ್ತಿತ್ತು. ಯಾವ ಡಾಕ್ಟರು, ಯಾವ ಆಸ್ಪತ್ರೆ, ಎಷ್ಟು ಬೇಗ. ಅದನ್ನು ಬಾಯಿಗೆ ಬರಗೊಡಲಿಲ್ಲ. ಅಕ್ಕ ಕಣ್ಣು ಮುಚ್ಚಿದಳು. ಎಡಗಣ್ಣು ಪೂರ್ತಿ, ಬಲಗಣ್ಣು ಅರ್ಧ. ಅವಳ ಎಡಗೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ. ಹಿಡಿಯಲೂ ಇಲ್ಲ.

ಸಂಜೆ ವಾಪಸ್ ಬಂದು ನೆಂಟರೊಬ್ಬರಿಗೆ ಫೋನ್ ಮಾಡಿ ಜಗಳವಾಡಿದೆ, ನಿಮಗೂ ಗೊತ್ತಿರಲಿಲ್ಲವಾ ಅಂತ. “ಗೊತ್ತಿತ್ತಮ್ಮ. ನಿನ್ನ ಹತ್ರ ಅವಳ ಹೆಸರು ಎತ್ತೋದೇ ಬಿಟ್ಟಿದ್ವಲ್ಲ ನಾವು” ಅಂದರು. ಅವರ ಮೇಲೆ ಏನಂತ ಸಿಟ್ಟು ಮಾಡಿಕೊಳ್ಳಲಿ?

ಈಗ ಪ್ರತಿ ಶನಿವಾರ ಚಿಂತಾಮಣಿಗೆ ಹೋಗುತ್ತೇನೆ. ಭಾವ ಕುಡಿಸಿದರೆ ಗಂಜಿ ಒಳಗೆ ಹೋಗುತ್ತದೆ, ನಾನು ಕುಡಿಸಿದರೆ ಅರ್ಧ ಕತ್ತಿಗೆ ಇಳಿಯುತ್ತದೆ. ಮೈ ಒರೆಸುವುದು ಕಲಿತಿದ್ದೇನೆ. ಮಗ್ಗುಲು ಬದಲಿಸುವುದನ್ನೂ ಕಲಿತಿದ್ದೇನೆ. ಮಾತು ಮರಳಿ ಬರುವ ಭರವಸೆಯನ್ನು ಡಾಕ್ಟರು ಕೊಟ್ಟಿಲ್ಲ. ನಾನು ಒಬ್ಬಳೇ ಮಾತಾಡುತ್ತಾ ಕೂರುತ್ತೇನೆ. ಕಾಲೇಜು, ಅಭಿ, ಟೊಮೇಟೊ ರೇಟು, ಬಾಯಿಗೆ ಬಂದದ್ದು. ಅಮ್ಮನ ವಿಷಯ ಮಾತ್ರ ಇನ್ನೂ ತೆಗೆದಿಲ್ಲ. ತೆಗೆದರೆ ಅವಳು ಉತ್ತರ ಕೊಡಲಾರಳು. ಉತ್ತರ ಕೊಡಲಾರದವಳ ಮುಂದೆ ನಾನು ಸರಿ ಅಂತ ವಾದಿಸುವುದು ಹೇಗೆ? ನೀನೇ ಸರಿ ಅಂತ ಒಪ್ಪಿಕೊಂಡರೂ, ಅವಳಿಗೆ ಅದು ಬೇಕಿತ್ತೋ ಇಲ್ಲವೋ ನನಗೆ ತಿಳಿಯುವುದು ಹೇಗೆ?

ಭಾವ ಗೇಮ್ ಆಡುವುದನ್ನು ಬಿಟ್ಟಿದ್ದಾರೆ. “ಇನ್ನು ಯಾಕಮ್ಮ, ನೀನೇ ಬರ್ತೀಯಲ್ಲ” ಅಂದರು.

ಈ ಅಂಕಣ ಓದುವ ಎಷ್ಟೋ ಮನೆಗಳಲ್ಲಿ ಅಣ್ಣ ತಮ್ಮ, ಅಕ್ಕ ತಂಗಿ ಮಾತು ಬಿಟ್ಟಿರುತ್ತೀರಿ. ಅವರ ಸ್ಟೇಟಸ್ ನೋಡುತ್ತೀರಿ, ಡಿಪಿ ನೋಡುತ್ತೀರಿ, ಗ್ರೂಪಿನಲ್ಲಿ ಹಾಕಿದ ಗುಡ್ ಮಾರ್ನಿಂಗ್ ನೋಡಿ ಚೆನ್ನಾಗಿದ್ದಾರೆ ಬಿಡು ಅಂದುಕೊಳ್ಳುತ್ತೀರಿ. ಅವರೇ ಮೊದಲು ಮಾತಾಡಲಿ ಅಂತ ಕಾಯುತ್ತಿರುತ್ತೀರಿ.

ಮಾತು ಬಿಟ್ಟವರು ಮತ್ತೆ ಮಾತಾಡಬಹುದು. ಮಾತು ಹೋದವರು?