ಕಾರ್ಪೆಟ್ಟಿನ ಮೇಲೆ ಮಗುಚಿದ ಬಗ್ಗಿ

ಎಂಟನೆಯ ಇಯತ್ತೆಯ ಮಕ್ಕಳಿಗೆ ಘರ್ಷಣೆಯ ಪಾಠವನ್ನು ನಾನು ಹತ್ತೊಂಬತ್ತು ವರ್ಷ ಅರ್ಧದಷ್ಟು ಮಾತ್ರ ಹೇಳಿದ್ದೇನೆ. ನೆಲ ನುಣುಪಾಗಿದ್ದರೆ ಚಕ್ರ ಜಾರುತ್ತದೆ, ಒರಟಾಗಿದ್ದರೆ ಹಿಡಿದುಕೊಳ್ಳುತ್ತದೆ, ಆದ್ದರಿಂದಲೇ ಟಯರುಗಳಿಗೆ ಗೀರುಗಳಿರುತ್ತವೆ ಎಂದು ಹಲಗೆಯ ಮೇಲೆ ಚಿತ್ರ ಬರೆದು, ಪ್ರಶ್ನೋತ್ತರ ಬರೆಸಿ ಮುಗಿಸುತ್ತಿದ್ದೆ. ಹಿಡಿತ ಅತಿಯಾದರೆ ಏನಾಗುತ್ತದೆ ಎಂದು ಯಾವ ಹುಡುಗನೂ ಕೇಳಲಿಲ್ಲ. ಕೇಳಿದ್ದರೆ ನನಗೆ ಗೊತ್ತೂ ಇರಲಿಲ್ಲ. ಉಳಿದರ್ಧ ಪಾಠವನ್ನು ನಲವತ್ತಾರನೆಯ ವಯಸ್ಸಿನಲ್ಲಿ, ಮದುವೆಗಳು ನಡೆಯುವ ಸಾಂಗ್ಲಿಯ ಒಂದು ಮಂಗಲ ಕಾರ್ಯಾಲಯದಲ್ಲಿ, ಸುಮಾರು ನಲವತ್ತು ಜನರ ಎದುರಿಗೆ ಒಂದು ಆಟದ ಕಾರು ನನಗೆ ಕಲಿಸಿತು.

ಆ ಕಾರು ನನಗೆ ಸಿಕ್ಕಿದ್ದು ಒಂದು ದವಡೆ ಹಲ್ಲಿನ ಪುಣ್ಯದಿಂದ. ಹಲ್ಲು ಕೀಳಿಸಲು ಮಿರಜಿಗೆ ಹೋಗಿದ್ದೆ. ಡಾಕ್ಟರರ ಕೋಣೆಯ ಕಪಾಟಿನಲ್ಲಿ ಮೊಳಕ್ಕೆ ತುಸು ಕಡಿಮೆ ಉದ್ದದ, ಮುಳ್ಳುಮುಳ್ಳು ಟಯರಿನ ಒಂದು ಕಾರು ನಿಂತಿತ್ತು. ದೂರದಿಂದ ರೇಡಿಯೊ ಅಲೆಗಳ ಮೇಲೆ ನಡೆಸುವ ಕಾರು. ಕಲ್ಲು ಮಣ್ಣು ನೋಡದೆ ಓಡುವ ಈ ಜಾತಿಗೆ ಬಗ್ಗಿ ಎಂದು ಹೆಸರು. ಬಾಯಿ ಮರಗಟ್ಟಿದ್ದರಿಂದ ನಾನು ಕೈಸನ್ನೆಯಲ್ಲೇ ಅದರ ವಿಷಯ ಕೇಳಿದೆ. ಡಾಕ್ಟರು ಹಲ್ಲನ್ನು ಮರೆತು ಅರ್ಧ ತಾಸು ಮಾತಾಡಿದರು. ತಾವು ಹೊಸದು ತರಿಸಿದ್ದಾಗಿಯೂ, ಕೆಟ್ಟ ಈ ಹಳೆಯದನ್ನು ದುರಸ್ತಿ ಮಾಡಿಕೊಳ್ಳುವುದಾದರೆ ಒಯ್ಯಬಹುದೆಂದೂ ಹೇಳಿದರು. ಒಂದು ಹಲ್ಲು ಕೊಟ್ಟು ಒಂದು ಕಾರು ಪಡೆದು ನಾನು ಜತ್ತ ತಾಲೂಕಿನ ನಮ್ಮೂರು ಅಸಂಗಿಗೆ ಮರಳಿದೆ.

ಹೆಂಡತಿ ಕಸ್ತೂರಿ ಗಲ್ಲದ ಊತಕ್ಕಿಂತ ಕೈಯಲ್ಲಿದ್ದ ರಟ್ಟಿನ ಪೆಟ್ಟಿಗೆಯನ್ನೇ ಮೊದಲು ನೋಡಿದಳು. "ಹಲ್ಲ ತಗಿಸ್ಕೊಂಡ ಬರ್ರಿ ಅಂದ್ರ ಇದೇನ ಹೊತ್ಕೊಂಡ ಬಂದೀರಿ?" ಎಂದಳು. ಬಾಯಲ್ಲಿ ಹತ್ತಿ ಇತ್ತಾದ್ದರಿಂದ ಉತ್ತರ ಕೊಡುವ ಕಷ್ಟ ತಪ್ಪಿತು.

ದುರಸ್ತಿಗೆ ಒಂದು ತಿಂಗಳು ಹಿಡಿಯಿತು. ಆಮೇಲೆ ಸಾಲೆಯ ಹಿಂದಿನ ಬಯಲಿನಲ್ಲಿ ಬಗ್ಗಿ ಓಡತೊಡಗಿತು. ನಮ್ಮದು ಸಡಿಲ ಮಣ್ಣು, ಸಣ್ಣ ಹರಳು. ಅಲ್ಲಿ ಚಕ್ರ ಜಾರುವುದೇ ತೊಂದರೆ. ಅದಕ್ಕೆ ತಕ್ಕಂತೆ ನಾನು ಸ್ಪ್ರಿಂಗು ಮೆದು ಮಾಡಿದೆ, ಮೈಯನ್ನು ನೆಲದಿಂದ ಎತ್ತರಿಸಿದೆ, ದೊಡ್ಡ ಮುಳ್ಳಿನ ಟಯರು ಹಾಕಿದೆ. ಸಂಜೆ ಹಟ್ಟಿಗೆ ಮರಳುವ ಕುರಿಹಿಂಡು ನಿಂತು ನೋಡುವಷ್ಟು ಚಲೋ ಓಡುತ್ತಿತ್ತು. ಕುರಿಗಳ ಮೆಚ್ಚುಗೆಯನ್ನು ನಾನು ತುಸು ಗಂಭೀರವಾಗಿಯೇ ತೆಗೆದುಕೊಂಡೆನೆಂದು ಕಾಣುತ್ತದೆ.

ಕುರಿಗಳಲ್ಲದೆ ನನಗೆ ಇನ್ನೊಬ್ಬ ಅಭಿಮಾನಿ ಇದ್ದರು: ಕರಜಗಿಯ ದಸ್ತಗೀರಸಾಬರು. ಸುತ್ತಲಿನ ಊರುಗಳ ಮದುವೆಗಳಿಗೆ ಮಂಡಪ ಹಾಕುವುದು, ಕುರ್ಚಿ ಕಾರ್ಪೆಟ್ಟು ಒದಗಿಸುವುದು ಅವರ ಉದ್ಯೋಗ. ವಯಸ್ಸು ಐವತ್ತೈದರ ಆಚೆ, ಬಲ ಮೊಣಕಾಲಿನಲ್ಲಿ ಸದಾ ನೋವು. ನಮ್ಮ ಸಾಲೆಯ ವಾರ್ಷಿಕ ಗ್ಯಾದರಿಂಗಿಗೆ ಮಂಡಪ ಹಾಕಲು ಬಂದವರು ಬಗ್ಗಿಯನ್ನು ಕಂಡು ಹಗ್ಗ ಗಂಟು ಹಾಕುವುದನ್ನೇ ನಿಲ್ಲಿಸಿದರು. ಅಂದಿನಿಂದ ಪ್ರತಿ ರವಿವಾರ ಮೊಪೆಡ್ಡಿನ ಮೇಲೆ ಬರತೊಡಗಿದರು.

ಆ ವರ್ಷದ ದೀಪಾವಳಿ ಸುಟಿಯಲ್ಲಿ ಡಾಕ್ಟರು ಕರೆ ಕಳಿಸಿದರು. ಅವರೂ ಅವರ ಗೆಳೆಯರೂ ಸೇರಿ ಸಾಂಗ್ಲಿಯಲ್ಲಿ ಬಗ್ಗಿಗಳ ಓಟ ಇಟ್ಟಿದ್ದರು. ಮಂಗಲ ಕಾರ್ಯಾಲಯದ ಒಳಗೆ, ಕಾರ್ಪೆಟ್ಟಿನ ಮೇಲೆ. ಇದನ್ನು ಕೇಳಿ ನಾವಿಬ್ಬರೂ ನಕ್ಕೆವು. ಕಲ್ಲಿನ ಮೇಲೆ ಓಡಿದ್ದಕ್ಕೆ ಕಾರ್ಪೆಟ್ಟು ಯಾವ ಲೆಕ್ಕ? ದಸ್ತಗೀರಸಾಬರು ನಾವು ಗೆದ್ದು ಬರುತ್ತೇವೆಂದು ಕರಜಗಿಯ ತುಂಬ ಹೇಳಿಯೂ ಬಿಟ್ಟರು.

ಓಟ ಶುರುವಾಯಿತು. ಮೊದಲ ತಿರುವಿನಲ್ಲಿ ನಮ್ಮ ಬಗ್ಗಿ ಬುಡಮೇಲಾಯಿತು. ಅಂಗಾತ ಬಿದ್ದ ಹುಳುವಿನಂತೆ ನಾಲ್ಕೂ ಚಕ್ರ ಗಾಳಿಯಲ್ಲಿ ತಿರುಗಿಸುತ್ತ ಮಲಗಿತು. ಈ ಓಟದಲ್ಲಿ ಬಿದ್ದ ಕಾರನ್ನು ಎತ್ತಿ ನಿಲ್ಲಿಸಲು ತಿರುವಿಗೊಬ್ಬರು ನಿಲ್ಲುವ ಪದ್ಧತಿ. ಆ ತಿರುವಿನಲ್ಲಿ ನಿಂತವರು ದಸ್ತಗೀರಸಾಬರೇ. ಎತ್ತಿದರು. ಮುಂದಿನ ಸುತ್ತಿನಲ್ಲಿ ಮತ್ತೆ ಅಲ್ಲೇ ಬಿತ್ತು. ಮತ್ತೆ ಎತ್ತಿದರು. ಐದು ನಿಮಿಷದ ಓಟದಲ್ಲಿ ಹನ್ನೊಂದು ಸಲ ಬಿತ್ತು. ಕೊನೆಕೊನೆಗೆ ಅವರು ನಿಲ್ಲುವುದನ್ನು ಬಿಟ್ಟು ಕಾರ್ಪೆಟ್ಟಿನ ಅಂಚಿನಲ್ಲಿ ಕುಳಿತೇ ಬಿಟ್ಟಿದ್ದರು. ಜನ ನಗುತ್ತಿದ್ದುದು ಬಗ್ಗಿಗೋ ಅವರಿಗೋ ನನಗೋ ತಿಳಿಯಲಿಲ್ಲ. ನಾನು ಆ ನಗೆಯನ್ನು ಮೂರು ಪಾಲು ಮಾಡಿ ಹೆಚ್ಚಿನದನ್ನು ನಾನೇ ಇಟ್ಟುಕೊಂಡೆ.

ಡಾಕ್ಟರು ಆಮೇಲೆ ಸಮಾಧಾನದಿಂದ ತಿಳಿಸಿ ಹೇಳಿದರು. ಕಾರ್ಪೆಟ್ಟು ಟಯರನ್ನು ಗಟ್ಟಿಯಾಗಿ ಹಿಡಿಯುತ್ತದೆ. ಮಣ್ಣಿನಲ್ಲಾದರೆ ತಿರುವಿನಲ್ಲಿ ಚಕ್ರ ತುಸು ಜಾರಿ ಕಾರು ಬಚಾವಾಗುತ್ತದೆ. ಇಲ್ಲಿ ಚಕ್ರ ಜಾರುವುದಿಲ್ಲ, ಮೈ ಮಾತ್ರ ವೇಗದಲ್ಲಿ ಹೊರಗೆ ವಾಲುತ್ತದೆ, ಆದ್ದರಿಂದ ಕಾರು ಮಗುಚುತ್ತದೆ. ಮೆದು ಸ್ಪ್ರಿಂಗು, ಎತ್ತರದ ಮೈ, ದೊಡ್ಡ ಮುಳ್ಳು: ಮಣ್ಣಿಗಾಗಿ ನಾನು ಮಾಡಿದ ಒಂದೊಂದು ಒಳ್ಳೆಯ ಕೆಲಸವೂ ಇಲ್ಲಿ ಕೇಡಾಗಿತ್ತು. ನಾವು ಹೊರಡುವಾಗ ತಮ್ಮ ಹಳೆಯ, ಸಣ್ಣ ಸೂಜಿಯಂಥ ಮುಳ್ಳಿನ ನಾಲ್ಕು ಟಯರನ್ನು ಕೊಟ್ಟರು.

ಮರಳುವ ಎಸ್‌ಟಿ ಬಸ್ಸಿನಲ್ಲಿ ದಸ್ತಗೀರಸಾಬರು ಮೊಣಕಾಲು ಒತ್ತಿಕೊಳ್ಳುತ್ತ ಕುಳಿತಿದ್ದರು. ಜತ್ತ ಹತ್ತಿರ ಬಂದಾಗ ನನ್ನತ್ತ ತಿರುಗಿದರು. "ಗುರುಜಿ, ಇದಕ್ಕ ಬಗ್ಗಿ ಅಂತ ಯಾಕ ಹೆಸರಿಟ್ಟಾರ ಇವತ್ತ ತಿಳೀತ ನೋಡ್ರಿ. ಬಗ್ಗಿ ಬಗ್ಗಿ ನನ್ನ ನಡಾನ ಹೋತು."

ಅಭ್ಯಾಸಕ್ಕೆ ಕಾರ್ಪೆಟ್ಟು ಬೇಕು ಎಂದಾಯಿತು. ಮೊದಲು ನಮ್ಮ ಮನೆಯ ಕರಿ ಕಂಬಳಿಯನ್ನು ಹಾಸಿ ನೋಡಿದೆ. ಕುರುಬರ ಕಂಬಳಿಗೆ ಮಳೆ ತಡೆಯುವ ಗುಣವಿದೆ, ಚಳಿ ತಡೆಯುವ ಗುಣವಿದೆ, ದೇವರ ಮುಂದೆ ಹಾಸಿದರೆ ಗದ್ದುಗೆಯಾಗುವ ಗೌರವವೂ ಇದೆ. ಆದರೆ ಬಗ್ಗಿ ಏರಿದರೆ ಅದು ಮುದ್ದೆಯಾಗಿ ಬಗ್ಗಿಯನ್ನೇ ಹೊದಿಸಿ ಮಲಗಿಸಿಬಿಡುತ್ತದೆ. ಇದನ್ನು ಕಂಡ ದಸ್ತಗೀರಸಾಬರು, ಮದುವೆಯ ಸ್ಟೇಜಿಗೆ ಹಾಸುವ ತಮ್ಮ ಕೆಂಪು ಕಾರ್ಪೆಟ್ಟನ್ನು ಕರಜಗಿಯ ಗೋಡೌನಿನಲ್ಲಿ ಬಿಚ್ಚಿಟ್ಟರು. ಕುರ್ಚಿಗಳನ್ನು ಇಟ್ಟು ತಿರುವು ಮಾಡಿದೆವು.

ಆ ಮೇಲಿನ ರವಿವಾರಗಳು ನನ್ನ ಜೀವನದ ಸುಖದ ದಿನಗಳು. ಮೈ ಇಳಿಸಿದೆ, ಸ್ಪ್ರಿಂಗು ಬಿಗಿ ಮಾಡಿದೆ, ಚಕ್ರಗಳನ್ನು ಅಗಲಕ್ಕೆ ಸರಿಸಿದೆ, ಬ್ಯಾಟರಿಯನ್ನು ಆದಷ್ಟು ತಳಕ್ಕೆ ಕೂರಿಸಿದೆ. ಬೀಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಟಯರಿನ ಹೊರ ಅಂಚಿಗೆ ತಕ್ಷಣ ಅಂಟುವ ಗೋಂದನ್ನು ಸವರಬೇಕೆಂದು ಡಾಕ್ಟರು ಹೇಳಿದ್ದರು. ಅಂಚು ಗಟ್ಟಿಯಾಗಿ ನುಣುಪಾದರೆ ತಿರುವಿನಲ್ಲಿ ತುಸು ಜಾರುತ್ತದಂತೆ. ಒಂದು ಸೋಮವಾರ ಮುಂಜಾನೆ ಸಾಲೆಗೆ ಹೋಗುವ ಮುಂಚೆ ಈ ಕೆಲಸಕ್ಕೆ ಕೂತೆ. ಮೂರು ಟಯರು ಸರಿಯಾದವು. ನಾಲ್ಕನೆಯದಕ್ಕೆ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಅಂಟಿಕೊಂಡವು. ಅಂದು ಪೂರ್ತಿ ಒಂದು ತಾಸು, ಬಲಗೈ ಬೆರಳು ಕೂಡಿಸಿ ಮುದ್ರೆ ಹಿಡಿದ ಸಾಧುವಿನಂತೆ ನಿಂತು, ಎಡಗೈಯಲ್ಲಿ ಖಡು ಹಿಡಿದು ಹಲಗೆಯ ಮೇಲೆ ಬರೆಯುತ್ತ ಪಾಠ ಮಾಡಿದೆ. ಮಕ್ಕಳು ಎಂದಿಗಿಂತ ಗಮನವಿಟ್ಟು ಕೇಳಿದರು.

ಇಷ್ಟರವರೆಗೆ ನಗೆಯ ಮಾತು. ಮುಂದಿನದನ್ನು ಹೇಳಲು ನನಗೆ ಈಗಲೂ ಸಂಕೋಚ.

ಬಗ್ಗಿಯ ನಾಲ್ಕು ಮೂಲೆಗೂ ಬೈಕಿಗಿರುವಂತೆ ಕುಲುಕು ತಡೆಯುವ ಪುಟ್ಟ ಶಾಕಪ್ಪುಗಳಿರುತ್ತವೆ, ಅವುಗಳೊಳಗೆ ಎಣ್ಣೆ. ಎಣ್ಣೆ ದಪ್ಪವಿದ್ದಷ್ಟೂ ವಾಲುವುದು ನಿಧಾನ. ಅದಕ್ಕೆಂದೇ ಬೇರೆ ಎಣ್ಣೆ ಸಿಗುತ್ತದೆ, ತಾವೇ ಕಳಿಸುವುದಾಗಿ ಹೇಳಿದ್ದರು ಡಾಕ್ಟರು. ನನಗೆ ತಡೆಯಲಿಲ್ಲ. ಗ್ಯಾರೇಜಿನಿಂದ ಟ್ರ್ಯಾಕ್ಟರಿನ ಗೇರ್ ಎಣ್ಣೆ ತಂದು ತುಂಬಿದೆ. ಅದು ಒಳಗಿನ ರಬ್ಬರು ಬಳೆಗಳನ್ನು ಉಬ್ಬಿಸಿ ಕೆಡಿಸಿತು. ಒಂದು ರವಿವಾರ, ದಸ್ತಗೀರಸಾಬರು ನಮಾಜಿಗೆಂದು ಹೋಗಿದ್ದಾಗ, ನಾನೊಬ್ಬನೇ ಬಗ್ಗಿಯನ್ನು ಓಡಿಸಿ ನಿಲ್ಲಿಸಿದೆ. ಎತ್ತಿ ನೋಡಿದರೆ ಕೆಂಪು ಕಾರ್ಪೆಟ್ಟಿನ ಮೇಲೆ ಸೋರಿದ ಎಣ್ಣೆಯ ಅಂಗೈಯಗಲದ ಕರಿ ಕಲೆ.

ಆ ಕಾರ್ಪೆಟ್ಟು ಮೂರು ದಿನಗಳಲ್ಲಿ ದರಿಬಡಚಿಯ ಮದುವೆಗೆ ಹೋಗಬೇಕಿತ್ತು. ಮದುವೆ ನಮ್ಮ ಸಾಲೆಯ ಸಹೋದ್ಯೋಗಿಯ ಮಗಳದೇ. ನಾನು ಕರವಸ್ತ್ರದಿಂದ ಒರೆಸಿದೆ; ಕಲೆ ಹರಡಿತು. ಹೊರಗೆ ದಸ್ತಗೀರಸಾಬರ ಕೆಮ್ಮು ಕೇಳಿಸಿತು. ಆಗ ಈ ಗುರುಜಿ, ಪ್ರತಿದಿನ ಪ್ರಾರ್ಥನೆಯ ಹೊತ್ತಿಗೆ ಖರೇ ಮಾತಾಡಬೇಕೆಂದು ಮಕ್ಕಳಿಗೆ ಹೇಳುವವನು, ಲಗುಬಗೆಯಿಂದ ಕಾರ್ಪೆಟ್ಟನ್ನು ಕಲೆ ಒಳಗಾಗುವಂತೆ ಸುತ್ತಿ ಗೋಡೆಗೆ ಒರಗಿಸಿದ. "ನೀವ ಯಾಕ ಸುತ್ತಿದ್ರಿ ಗುರುಜಿ, ನಾ ಸುತ್ತತಿದ್ದೆ" ಎಂದು ಅವರು ಉಪಚಾರದ ಮಾತು ಬೇರೆ ಆಡಿದರು.

ಮದುವೆಗೆ ಹೋದೆ. ಸ್ಟೇಜಿನ ಮೇಲೆ ಮದುಮಕ್ಕಳ ಸೋಫಾ ನಡುವಿನಲ್ಲಿರದೆ ಎಡಕ್ಕೆ ಸರಿದಿತ್ತು. ಹುಡುಗಿಯ ಸೋದರಮಾವ ಅದನ್ನು ನಡುವಿಗೆ ಎಳೆಯಲು ಹೋದರೆ, ದಸ್ತಗೀರಸಾಬರು ಅಡ್ಡ ಬಂದು, "ಅಲ್ಲೇ ಇರ್ಲಿ ಬಿಡ್ರಿ, ಬೆಳಕ ಚಲೋ ಬೀಳತೈತಿ" ಎಂದರು. ಸೋಫಾದ ಕೆಳಗೆ ಏನಿದೆ ಎಂದು ಇಡೀ ಮಂಡಪದಲ್ಲಿ ಇಬ್ಬರಿಗೇ ಗೊತ್ತಿತ್ತು. ಅವರು ನನ್ನತ್ತ ನೋಡಲೇ ಇಲ್ಲ. ಎಲೆಯಲ್ಲಿದ್ದ ಬುಂದಿಯನ್ನು ಹಾಗೇ ಬಿಟ್ಟು ಎದ್ದೆ.

ಮನೆಗೆ ಬಂದು ಕಸ್ತೂರಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, "ನನ್ನ ಮುಂದ ಹೇಳಿದ್ರ ಕಲೆ ಹೋಗತೈತೇನ್ರಿ? ಕರಜಗಿಗಿ ಹೋಗ್ರಿ" ಎಂದಳು. ಒಂದು ಚೀಲದಲ್ಲಿ ಕಡ್ಲಿಹಿಟ್ಟು, ಅಂಟವಾಳದ ಪುಡಿ ಹಾಕಿ ಕೈಗೆ ಕೊಟ್ಟಳು.

ಗೋಡೌನಿನ ಬಾಗಿಲಲ್ಲಿ ನಿಂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, "ಆ ಕಲೆ ಮಾಡಿದಾಂವ ನಾನ" ಎಂದಷ್ಟೇ ಹೇಳಿದೆ.

"ಗೊತ್ತೈತ್ರಿ" ಎಂದರು ದಸ್ತಗೀರಸಾಬರು. "ಮೂವತ್ತ ವರ್ಷ ಕಾರ್ಪೆಟ್ ಹಾಸೇನಿ. ಬಿಚ್ಚಿದ ಕೂಡ್ಲೇ ಕಂಡಿತು."

"ಮತ್ತ ನನ್ನ ಯಾಕ ಕೇಳಲಿಲ್ಲ?"

"ನಾ ಕೇಳಿ ನೀವ ಹೇಳೂದು ಬ್ಯಾರೆ, ಕೇಳದನ ಹೇಳೂದು ಬ್ಯಾರೆ. ಅದಕ್ಕ ಕಾಯ್ದೆ. ಹೇಳಾಕ ಭಾಳ ದಿನಾ ಹಚ್ಚತೀರೇನೋ ಅಂತ ಅಂಜಿಕಿ ಇತ್ತು. ಬರ್ರಿ, ಕುಂದ್ರಿ. ಚೀಲದಾಗ ಏನೈತಿ?"

ಇಬ್ಬರೂ ಕುಳಿತು ಕಲೆಯ ಮೇಲೆ ಕಡ್ಲಿಹಿಟ್ಟು ಒತ್ತಿದೆವು, ಎಣ್ಣೆ ಹೀರಿದ ಮೇಲೆ ಅಂಟವಾಳದ ನೊರೆಯಿಂದ ತಿಕ್ಕಿದೆವು. ಮುಕ್ಕಾಲು ಪಾಲು ಹೋಯಿತು. ತಿಕ್ಕುತ್ತಿದ್ದ ನನ್ನ ಕೈಯನ್ನು ಅವರು ನಡುವೆ ತಡೆದರು. "ಹಂಗ ಉಲ್ಟಾ ತಿಕ್ಕಬ್ಯಾಡ್ರಿ. ಇದರ ಕೂದಲಕ್ಕ ಒಂದ ದಿಕ್ಕ ಐತಿ. ಬೆಕ್ಕಿನ ಮೈ ಸವರಿದಂಗ ಸವರಬೇಕು." ಅಂಗೈ ಆಡಿಸಿ ನೋಡಿದೆ. ನಿಜ. ಒಂದು ಕಡೆಗೆ ನುಣುಪು, ಎದುರು ಕಡೆಗೆ ಒರಟು. ನಾವಿಬ್ಬರೂ ಏಕಕಾಲಕ್ಕೆ ಮೂಲೆಯಲ್ಲಿ ನಿಂತಿದ್ದ ಬಗ್ಗಿಯತ್ತ ನೋಡಿದೆವು.

ಡಾಕ್ಟರು ಕಳಿಸಿದ ಎಣ್ಣೆ, ಹೊಸ ರಬ್ಬರು ಬಳೆ ಹಾಕಿದ ಮೇಲೆ ಓಡಿಸಿ ಪರೀಕ್ಷೆ ಮಾಡಿದರೆ, ಇನ್ನೂ ಉಳಿದಿದ್ದ ಮಗುಚಾಟವೆಲ್ಲ ಕೂದಲಿಗೆ ಎದುರಾದ ತಿರುವಿನಲ್ಲೇ. ವಿಜ್ಞಾನ ಓದಿದವನಿಗೆ ಹೊಳೆಯದ್ದು ಕಾರ್ಪೆಟ್ಟು ಹಾಸುವವರ ಅಂಗೈಗೆ ಗೊತ್ತಿತ್ತು. ಆ ತಿರುವಿಗೆ ಏನು ಮಾಡಬೇಕೆಂದು ನಾನು ಮತ್ತೆ ಸ್ಪ್ರಿಂಗು ಬಿಚ್ಚಲು ಹೊರಟೆ. ಅವರು ನನ್ನ ಕೈಯಲ್ಲಿದ್ದ ರಿಮೋಟಿನ ಪುಟ್ಟ ಚಕ್ರವನ್ನು ನೋಡುತ್ತಿದ್ದರು. "ಸಿಟ್ಟ ಬರಬಾರದು ಗುರುಜಿ. ಗಾಡಿ ತಪ್ಪಿಲ್ಲ. ತಿರುವ ಬಂತಂದ್ರ ನೀವ ಹೆದರಿ ಪೂರಾ ತಿರುವಿಬಿಡತೀರಿ." ಸಿಟ್ಟು ಬಂತು. ಆದರೂ ಮುಂದಿನ ಸುತ್ತಿನಲ್ಲಿ ಅರ್ಧ ಮಾತ್ರ ತಿರುಗಿಸಿದೆ. ಬಗ್ಗಿ ಬೀಳಲಿಲ್ಲ. ಐದು ತಿಂಗಳು ನಾನು ಆ ಕಾರಿನ ಒಂದೊಂದು ತಿರುಪನ್ನೂ ಸರಿಪಡಿಸಿದ್ದೆ. ಅದನ್ನು ನಡೆಸುವ ಕೈಯೊಂದನ್ನು ಬಿಟ್ಟು.

ಬೇಸಿಗೆ ಸುಟಿಯಲ್ಲಿ ಮತ್ತೆ ಸಾಂಗ್ಲಿ. ಏಳು ಬಗ್ಗಿಗಳಲ್ಲಿ ನಮ್ಮದು ನಾಲ್ಕನೆಯದಾಯಿತು. ಆದರೆ ಒಂದು ಸಲವೂ ಬೀಳಲಿಲ್ಲ. ದಸ್ತಗೀರಸಾಬರು ತಮ್ಮ ತಿರುವಿನಲ್ಲಿ ಕೈ ಹಿಂದೆ ಕಟ್ಟಿಕೊಂಡು, ಕೆಲಸವಿಲ್ಲದ ಮನುಷ್ಯನ ಪರಮಸುಖದಲ್ಲಿ ನಿಂತಿದ್ದರು. ಡಾಕ್ಟರರ ಹೊಸ ಬಗ್ಗಿ ಮಾತ್ರ, ಕಾರ್ಪೆಟ್ಟಿನ ಎರಡು ತುಂಡು ಕೂಡುವಲ್ಲಿ ಅಂಚು ಎದ್ದಿದ್ದರಿಂದ, ಎರಡು ಸಲ ಮಗುಚಿತು.

ಓಟ ಮುಗಿದ ಮೇಲೆ ಎಲ್ಲರೂ ಆ ಎದ್ದ ಅಂಚನ್ನು ಬೈಯುತ್ತ ನಿಂತಿದ್ದರು. ದಸ್ತಗೀರಸಾಬರು ಮರಾಠಿಯಲ್ಲಿ ಮೆಲ್ಲಗೆ, ಎರಡು ತುಂಡಿನ ಕೂದಲೂ ಒಂದೇ ದಿಕ್ಕಿಗೆ ಇರುವಂತೆ ಹಾಸಬೇಕಿತ್ತೆಂದು ಹೇಳಿ, ನೋಯುವ ಮೊಣಕಾಲು ಮಡಿಸಿ ಕುಳಿತು, ಅರ್ಧ ತಾಸಿನಲ್ಲಿ ಇಡೀ ಕಾರ್ಪೆಟ್ಟನ್ನು ಎಬ್ಬಿಸಿ ಹಾಸಿ ತೋರಿಸಿದರು. ಡಾಕ್ಟರು ಅದರ ಮೇಲೆ ಬಗ್ಗಿ ಓಡಿಸಿ ನೋಡಿ, ಅವರ ಕೈ ಹಿಡಿದುಕೊಂಡರು.

ಆಮೇಲೆ ಪ್ರತಿ ಓಟಕ್ಕೂ ಕರೆ ಬರುತ್ತಿತ್ತು. ಫೋನು ನನ್ನ ಮನೆಗೇ ಬರುತ್ತಿತ್ತು. ಕೇಳುತ್ತಿದ್ದುದು ಮಾತ್ರ, ದಸ್ತಗೀರಸಾಬರು ಬರುತ್ತಾರಲ್ಲ ಎಂದು. ಒಮ್ಮೆ ನಾವು ಕಾರ್ಯಾಲಯದೊಳಗೆ ಕಾಲಿಟ್ಟಾಗ, ಅಲ್ಲಿ ಹೊಸದಾಗಿ ಸೇರಿದ್ದ ಒಬ್ಬರು ನನ್ನನ್ನು ತೋರಿಸಿ ಇವರು ಯಾರೆಂದು ವಿಚಾರಿಸಿದರು.

"ಇವರೇನ್ರಿ?" ಎಂದು ದಸ್ತಗೀರಸಾಬರು ನನಗೆ ಕೇಳಿಸಲೆಂದೇ ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸಿದರು: ಇವರು ನಮ್ಮ ಗುರುಜಿ, ನನ್ನ ಜೊತೆಗೆ ಬಂದಿದ್ದಾರೆ.

ಎರಡು ವರ್ಷದಿಂದ ಅವರನ್ನು ನಾನು ಕರೆದುಕೊಂಡು ಬರುತ್ತಿದ್ದೇನೆಂದೇ ತಿಳಿದಿದ್ದೆ. ಅಷ್ಟರಲ್ಲಿ ಅವರು ಕಾರ್ಪೆಟ್ಟಿನ ಸುರುಳಿಯ ಒಂದು ತುದಿ ಹಿಡಿದು ಇನ್ನೊಂದು ತುದಿಯತ್ತ ನೋಡುತ್ತಿದ್ದರು. ಬಗ್ಗಿಯನ್ನು ಕುರ್ಚಿಯ ಮೇಲಿಟ್ಟು, ಹೋಗಿ ಆ ತುದಿ ಹಿಡಿದೆ.